ನಂಬರಿಲ್ಲದ ಮೂರು ಜರ್ಸಿ

ಶನಿವಾರ ಬೆಳಗ್ಗೆ ಮೈದಾನದ ನಲ್ಲಿಯ ಹತ್ತಿರ, ದೊಡ್ಡ ಫುಟ್‌ಬಾಲ್ ಕ್ಲಬ್ಬಿನವನೊಬ್ಬ ಹನ್ನೊಂದು ವರ್ಷದ ಹುಡುಗಿಗೆ ಹೊಸ ಗ್ಲೌಸ್ ಕೊಟ್ಟ. ಕ್ಲಬ್ಬಿಗೆ ಸೇರುವ ಫಾರಂ ಮೇಲೆ ಅವಳ ಸಹಿ ಹಾಕಿಸಿಕೊಂಡ. ಮನೆಯಲ್ಲೂ ಹೇಳಬೇಡ, ನಿಮ್ಮ ಕೋಚ್ ಹತ್ತಿರವೂ ಹೇಳಬೇಡ ಎಂದ.

ಹುಡುಗಿ ಹೇಳಲಿಲ್ಲ.

ಅವಳು ಬಡಾವಣೆಯ ಪುಟ್ಟ ತಂಡದ ಗೋಲ್‌ಕೀಪರ್. ಕೈಗೆ ಬಂದ ಚೆಂಡು ಅಂಟಿಕೊಂಡೇ ಬಿಡುತ್ತಿತ್ತು, ಅದಕ್ಕೇ ಎಲ್ಲರೂ ಅವಳನ್ನು ಗೋಂದು ಎಂದು ಕರೆಯುತ್ತಿದ್ದರು. ಅಪ್ಪ ಬಸ್ ಡ್ರೈವರ್. ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯೇ ಅಮ್ಮನ ಅಂಗಡಿ. ಅಲ್ಲಿ ಒಂದು ಮೆಷಿನ್, ಬಟ್ಟೆ ಕತ್ತರಿಸುವ ಮೇಜು, ನೆಲದ ತುಂಬ ದಾರದ ತುಣುಕು.

ಸೋಮವಾರ ಅಮ್ಮ ಶಾಲೆಯ ಚೀಲ ಒಗೆಯಲು ಕೊಡವಿದಾಗ ಗ್ಲೌಸ್ ಬಿದ್ದವು.

"ಯಾರದೇ ಇದು? ಎಲ್ಲಿಂದ ತಂದೆ?"

ಗೋಂದುವಿನ ಮುಖ ಸಪ್ಪಗಾಯಿತು. "ದೊಡ್ಡ ಕ್ಲಬ್ಬಿನ ಕನ್ನಡಕದ ಅಂಕಲ್ ಕೊಟ್ರು. ನಿಂಗೆ ಹೇಳಬಾರದಂತೆ. ಬುಧವಾರ ಅವರೇ ಬಂದು ನಿನ್ನ ಸಹಿ ತಗೋತಾರಂತೆ."

ಅಮ್ಮ ಬೈಯಬೇಕಿತ್ತು. ಬೈಯಲಿಲ್ಲ. ಹಾಲು ಕುಡಿದಷ್ಟು ಸಂತೋಷ ಅವಳಿಗೆ. ಅದೇ ಕನ್ನಡಕದವನು ಹೋದ ವಾರ ತಾನಾಗಿ ಮನೆ ಹುಡುಕಿಕೊಂಡು ಬಂದು, ತಂಡದ ಜರ್ಸಿ ಹೊಲಿಯುವ ಕೆಲಸ ಕೊಟ್ಟು ಹೋಗಿದ್ದ. ಅಮ್ಮನಿಗೂ ಕೆಲಸ, ಮಗಳಿಗೂ ಜಾಗ! ಇನ್ನೇನು ಬೇಕು?

ಮರುದಿನ ಪೀಪಿಯಕ್ಕ ಬಂದಳು. ವಾರವೆಲ್ಲ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಕೆಲಸ, ಭಾನುವಾರ ಮಕ್ಕಳ ಪಂದ್ಯಗಳಿಗೆ ರೆಫರಿ. ಪೀಪಿ ಇಡುವ ಜೇಬೇ ಹರಿದಿತ್ತು, ಹೊಲಿಸಿಕೊಳ್ಳಲು ಬಂದಿದ್ದಳು.

"ನನ್ನ ಮಗಳನ್ನ ದೊಡ್ಡ ಕ್ಲಬ್ಬಿನೋರು ಕರೆದಿದಾರೆ ಅಕ್ಕಾ!"

"ಹೌದಾ? ನಿನ್ನನ್ನ ಯಾವಾಗ ಕೇಳಿದ್ರು?"

"ನನ್ನನ್ನೆಲ್ಲಿ ಕೇಳಿದ್ರು? ಅವಳನ್ನೇ ಕೇಳಿದ್ದು, ನಲ್ಲಿ ಹತ್ರ."

ಪೀಪಿಯಕ್ಕನ ನಗು ಇಳಿಯಿತು. "ಕುರಿಮರಿ ಕೊಳ್ಳೋನೂ ಮೊದಲು ಸಾಕಿದೋರನ್ನ ಕೇಳ್ತಾನೆ ಕಣೇ. ಕೋಚಿಗಾದ್ರೂ ಹೇಳಿದಾರಾ?"

"ನಿಂಗೆ ಎಲ್ಲದ್ರಲ್ಲೂ ಫೌಲೇ ಕಾಣೋದು. ಬರೋ ಭಾಗ್ಯನ ಕಾಲಲ್ಲಿ ಒದೀಬಾರದು."

"ಒದೀಬೇಡ. ಒಂದೇ ಒಂದು ಹೇಳು. ಅಲ್ಲಿ ಈಗ ಎಷ್ಟು ಜನ ಗೋಲ್‌ಕೀಪರ್ ಇದಾರೆ?"

"ನಂಗೇನ್ ಗೊತ್ತು?" ಎಂದ ಅಮ್ಮ ತಟ್ಟನೆ ಮೇಜಿನ ಕಡೆ ತಿರುಗಿದಳು. ಆಟಗಾರರಿಗೆ ನೀಲಿ ಜರ್ಸಿ, ಗೋಲ್‌ಕೀಪರಿಗೆ ಹಳದಿ. ಅಷ್ಟು ಅವಳಿಗೂ ಗೊತ್ತಿತ್ತು. ಕ್ಲಬ್ಬಿನ ಜರ್ಸಿಗಳ ಗಂಟು ಬಿಚ್ಚಿದಳು. ಹಳದಿ ನಾಲ್ಕಿದ್ದವು. ಜೊತೆಗಿದ್ದ ಚೀಟಿಯನ್ನು ಪೀಪಿಯಕ್ಕ ಗಟ್ಟಿಯಾಗಿ ಓದಿದಳು: "ಹಳದಿಯಲ್ಲಿ ಒಂದಕ್ಕೆ ನಂಬರ್ ಒಂದು. ಉಳಿದ ಮೂರಕ್ಕೆ ನಂಬರ್ ಬೇಡ."

"ಅವು ಹೆಚ್ಚುವರಿ ಇರಬೇಕು ಅಕ್ಕಾ."

"ಹೆಚ್ಚುವರಿ ಆದ್ರೆ ಮೂರಕ್ಕೂ ಬೇರೆ ಬೇರೆ ಅಳತೆ ಯಾಕೆ ಕೊಟ್ಟಿದಾರೆ? ನಂಬರಿಲ್ಲದೋರನ್ನ ನಾನು ಮೈದಾನಕ್ಕೇ ಬಿಡೋ ಹಾಗಿಲ್ಲ. ಈ ಅಂಗಿ ಹಾಕ್ಕೊಂಡ ಮಗು ಬೆಂಚಿಂದ ಏಳಲ್ಲ ಅಂತ ಮೊದಲೇ ತೀರ್ಮಾನ ಆಗಿದೆ."

ಅಮ್ಮ ಮೂರನೆಯ ಜರ್ಸಿ ಎತ್ತಿಕೊಂಡಳು. ಎದೆ ಇಪ್ಪತ್ತೆಂಟು ಇಂಚು. ತೋಳು ಮಾತ್ರ ಮಾಮೂಲಿಗಿಂತ ಎರಡು ಬೆರಳು ಉದ್ದ. ಕತ್ತರಿಸುವಾಗ ನಕ್ಕಿದ್ದಳು, ನಮ್ಮ ಗೋಂದು ಹಾಗೇ ಉದ್ದ ಕೈ ಇರೋ ಮಗು ಇನ್ನೊಂದಿದೆಯಲ್ಲಾ ಎಂದು.

ಇನ್ನೊಂದು ಇರಲಿಲ್ಲ.

"ಗೋಂದೂ! ನಿನ್ನ ಅಳತೆ ಯಾರಾದ್ರೂ ತಗೊಂಡಿದ್ರಾ?"

"ಹೋದ ತಿಂಗಳು ಪಂದ್ಯ ಮುಗಿದ ಮೇಲೆ. ಬಹುಮಾನ ಕೊಡ್ತೀವಿ ಅಂದ್ರು."

ಮಗಳನ್ನು ಕೇಳುವ ಮುಂಚೆಯೇ ಮಗಳನ್ನು ಮೂಲೆಗೆ ಕೂರಿಸಿಯಾಗಿತ್ತು. ಕೂರಿಸುವ ಅಂಗಿಯನ್ನು ಹೆತ್ತ ತಾಯಿಯ ಕೈಯಲ್ಲೇ ಹೊಲಿಸುತ್ತಿದ್ದರು. ದರ್ಜಿಗೆ ಆಟದ ವಿಷಯ ಏನು ಗೊತ್ತಾಗುತ್ತೆ ಎಂಬ ಧೈರ್ಯ!

"ಆಡಿಸದೇ ಇರೋರು ಕರ್ಕೊಳ್ಳೋದ್ಯಾಕಕ್ಕಾ?" ಎಂದಳು ಅಮ್ಮ.

"ಎದುರಾಳಿ ತಂಡಗಳಿಗೆ ಒಳ್ಳೇ ಗೋಲ್‌ಕೀಪರ್ ಇರಬಾರದು ಅಂತ. ಮೂರು ತಂಡದಿಂದ ಮೂರು ಮಕ್ಕಳನ್ನ ಎತ್ತಿರಬೇಕು. ನಮ್ಮ ಲೀಗ್‌ನಲ್ಲಿ ಮಗು ಸಹಿ ಒಂದೇ ಸಾಲದು, ನಿನ್ನದೂ ಬೇಕು. ನೀನು ಹಾಕಿದ್ರೆ ಈ ವರ್ಷ ಪೂರ್ತಿ ಅವಳು ಹಳೇ ತಂಡಕ್ಕೂ ಆಡೋ ಹಾಗಿಲ್ಲ."

ಸಂಜೆ ಬಸ್ ಡಿಪೋಗೆ ಬಿಟ್ಟು ಬಂದ ಅಪ್ಪ ಒಪ್ಪಲಿಲ್ಲ. "ದೊಡ್ಡ ಬಸ್ಸು ಕಣೇ. ನಿಂತ್ಕೊಂಡಾದ್ರೂ ಹತ್ತಬೇಕು. ಮುಂದಿನ ಸ್ಟಾಪಲ್ಲಿ ಸೀಟು ಸಿಕ್ಕೇ ಸಿಗುತ್ತೆ."

"ಹೊರಡದೇ ಇರೋ ಬಸ್ಸಿಗೆ ಹತ್ತಿಸ್ಕೊಂಡಿದಾರೆ ಕಣ್ರೀ!"

"ಅಪ್ಪಾ, ಇನ್ನೊಂದಿದೆ." ಗೋಂದು ಬಾಗಿಲ ಹತ್ತಿರ ನಿಂತಿದ್ದಳು. "ನಮ್ಮ ತಂಡದ ಲಂಬೂನ ಉಪಾಯವಾಗಿ ಕರ್ಕೊಂಡ್ ಬಾ ಅಂದಿದಾರೆ. ಅವಳ ಮನೇಲೂ ಹೇಳಬಾರದಂತೆ. ಅವಳು ಬಂದ್ರೆ ನನ್ನ ಆಡಿಸ್ತಾರಂತೆ."

ಅಪ್ಪ ಕುಡಿಯುತ್ತಿದ್ದ ನೀರಿನ ಲೋಟವನ್ನು ಹಾಗೇ ಇಳಿಸಿದ. ಲಂಬು ಇವಳ ಜೀವದ ಗೆಳತಿ. ದಿನಾ ಶಾಲೆಗೆ ಒಂದೇ ಕೊಡೆಯಲ್ಲಿ ಹೋಗುವವರು.

"ಹನ್ನೊಂದು ವರ್ಷದ ಕೂಸನ್ನ ದಲ್ಲಾಳಿ ಮಾಡಿದ್ರಾ?" ಎಂದ. ಆಮೇಲೆ ಬಸ್ಸಿನ ಮಾತು ಎತ್ತಲಿಲ್ಲ.

ಓದುತ್ತಿರುವ ಅಪ್ಪ ಅಮ್ಮಂದಿರೇ, ಮಗು ದೊಡ್ಡ ತಂಡಕ್ಕೆ ಹೋಗುವುದು ತಪ್ಪಲ್ಲ. ಹೋಗಲಿ, ಬೆಳೆಯಲಿ. ಆದರೆ ಕರೆಯುವವರು ನೆಟ್ಟಗೆ ನಿಮ್ಮ ಬಾಗಿಲಿಗೆ ಬರಲಿ. ಈಗಿನ ಕೋಚಿಗೂ ತಿಳಿಸಿಯೇ ಬರಲಿ. ನನ್ನ ಮಗುವಿನ ಜಾಗದಲ್ಲಿ ನಿಮ್ಮಲ್ಲಿ ಇನ್ನೆಷ್ಟು ಮಕ್ಕಳಿದ್ದಾರೆ, ಇವಳು ಎಷ್ಟು ಹೊತ್ತು ಆಡುತ್ತಾಳೆ, ಬೇಡವಾದರೆ ಯಾವಾಗ ಬಿಟ್ಟು ಬರಬಹುದು ಎಂದು ಬಾಯಿಬಿಟ್ಟು ಕೇಳಿ. ಉತ್ತರವನ್ನು ಬರೆದುಕೊಡಲು ಹೇಳಿ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಜನನ ಪ್ರಮಾಣಪತ್ರದ ಅಸಲು ಪ್ರತಿ ಬಿಟ್ಟುಕೊಡಬೇಡಿ, ನಕಲು ಸಾಕು. ಎಲ್ಲಕ್ಕಿಂತ ಮೊದಲು ಇವತ್ತೇ ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಿ: ಮನೆಯಲ್ಲಿ ಹೇಳಬೇಡ ಎಂದು ಯಾವ ದೊಡ್ಡವರು ಹೇಳಿದರೂ, ಅದನ್ನೇ ಮೊದಲು ಮನೆಯಲ್ಲಿ ಹೇಳಬೇಕು. ಹೇಳಿದ ಮಗುವಿಗೆ ಬೈಯಬೇಡಿ. ಕ್ಲಬ್ ನಡೆಸುವವರೇ, ನಿಮಗೂ ಒಂದು ಮಾತು. ಮಕ್ಕಳು ಗೋದಾಮಿನಲ್ಲಿ ಪೇರಿಸಿಡುವ ಮೂಟೆಗಳಲ್ಲ. ಆಡಿಸುವುದಾದರೆ ಕರೆಯಿರಿ.

ಬುಧವಾರ ಕನ್ನಡಕದವನು ನಗುನಗುತ್ತ ಬಂದ. ಮೇಜಿನ ಮೇಲೆ ಗಂಟು ಕಟ್ಟಿ ಇಟ್ಟಿತ್ತು. ಅದರ ಮೇಲೆ ಗ್ಲೌಸ್.

"ಮೂರು ಹಳದಿ ಹೊಲಿದು ಮುಗಿಸಿಲ್ಲ, ಮುಗಿಸೋದೂ ಇಲ್ಲ" ಎಂದಳು ಅಮ್ಮ. "ಉಳಿದವು ತಗೊಂಡು ಹೋಗಿ. ಮಗಳ ಸಹಿ ಇರೋ ಫಾರಂ ಇಲ್ಲಿಟ್ಟು ಹೋಗಿ."

"ನೀವು ತಪ್ಪು ತಿಳ್ಕೊಂಡಿದೀರಮ್ಮ. ಇನ್ನು ಮುಂದೆ ಕ್ಲಬ್ಬಿನ ಹೊಲಿಗೆ ಕೆಲಸ ಎಲ್ಲಾ ನಿಮಗೇ ಅಂತ…" ಎಂದು ಎಳೆದ. ಅಮ್ಮ ಫಾರಂಗೆಂದು ಚಾಚಿದ ಕೈ ಹಿಂತೆಗೆಯಲಿಲ್ಲ. ಅವನು ಬಾಗಿಲಾಚೆ ಹೋಗಿ ನಿಂತು ಗೋಂದುವಿನ ಕಡೆ ಬೆರಳಾಡಿಸಿದ. "ಪುಟ್ಟಿ, ಒಂದ್ನಿಮಿಷ ಹೊರಗೆ ಬಾ. ನಿನ್ನ ಹತ್ರ ಒಂದು ಮಾತಿದೆ."

ಗೋಂದು ಮೆಷಿನ್ನಿನ ಪಕ್ಕದಿಂದ ಕದಲಲಿಲ್ಲ.

"ಬರಲ್ಲ ಅಂಕಲ್. ಇಲ್ಲೇ ಹೇಳಿ, ಅಮ್ಮನೂ ಕೇಳಿಸ್ಕೊಳ್ಲಿ."