ನೋವಿನ ಎಣ್ಣೆಯ ಮುಚ್ಚಳ

ಹೊಸನಗರದ ಬೀದಿಯ ಬಾಯಲ್ಲಿ ಕಾರು ನಿಲ್ಲಿಸಿ ನಾಗೇಂದ್ರ, "ನಿಮ್ಮತ್ತೆ ಮನೆಯಿಂದ ಆ ಬಾಟ್ಲಿಗಳನ್ನ ತಗೊಂಡ್ಬನ್ನಿ. ಜನ ಬಳಸಿದ್ದನ್ನೇ ಕಣ್ಣಾರೆ ನೋಡಿದ್ರೆ ಪಂಡಿತರಿಗೆ ನಂಬಿಕೆ ಬರುತ್ತೆ. ಅಷ್ಟರಲ್ಲಿ ನಾನು ಟಯರಿಗೆ ಗಾಳಿ ಹಾಕಿಸ್ತೀನಿ," ಎಂದರು. ಅಪೇಕ್ಷಾ ಹಗುರ ಮನಸ್ಸಿನಿಂದಲೇ ಇಳಿದಳು. ಹೊಸ ಸೀರೆ ಉಟ್ಟಿದ್ದಳು. ಇವತ್ತು ತೀರ್ಥಹಳ್ಳಿಯ ಗೌರೀಶ ಪಂಡಿತರು ಹೂಂ ಅಂದರೆ ಸಾಕು, ಶಿವಮೊಗ್ಗದಲ್ಲಿ ಮುಚ್ಚಳದ ಉಕ್ಕಿನ ಅಚ್ಚು ಕೊರೆಯಲು ಶುರುಮಾಡುತ್ತಾರೆ. ಒಮ್ಮೆ ಕೊರೆದ ಅಚ್ಚನ್ನು ಮತ್ತೆ ಹಿಂದಕ್ಕೆ ತರುವುದು ಆಗದ ಮಾತು.

ಸಾಗರದಲ್ಲಿ ನಾಗೇಂದ್ರ ಅವರದು ಮುಚ್ಚಳ ಮಾಡುವ ಸಣ್ಣ ಕಾರ್ಖಾನೆ. ಉಪ್ಪಿನಕಾಯಿ ಜಾಡಿಗೆ, ಜೇನುತುಪ್ಪದ ಸೀಸೆಗೆ, ಫಿನಾಯಿಲ್ ಡಬ್ಬಕ್ಕೆ, ಹೀಗೆ ಎಲ್ಲಿಯೋ ಇದ್ದ ಮುಚ್ಚಳದ ಅಳತೆ ಹಿಡಿದು ನಕ್ಷೆ ಬರೆಯುವುದೇ ಅಪೇಕ್ಷಾಳ ಕೆಲಸವಾಗಿತ್ತು. ಪಂಡಿತರ ನೋವಿನ ಎಣ್ಣೆಯ ಮುಚ್ಚಳ ಮಾತ್ರ ಅವಳದೇ ತಲೆಯಿಂದ ಹುಟ್ಟಿದ್ದು. ಅದೊಂದು ಎರಡು ಪದರದ ಮುಚ್ಚಳ. ಸುಮ್ಮನೆ ತಿರುಗಿಸಿದರೆ ಮೇಲಿನ ಪದರ ಟಕಟಕ ಎಂದು ಬರಿದೇ ಸುತ್ತುತ್ತದೆ. ಕೆಳಕ್ಕೆ ಒತ್ತಿ ತಿರುಗಿಸಿದರೆ ಮಾತ್ರ ಒಳಗಿನ ಹಲ್ಲು ಕಚ್ಚಿಕೊಂಡು ತೆರೆಯುತ್ತದೆ. ಎಣ್ಣೆಯಲ್ಲಿ ಕರ್ಪೂರ ಬಹಳವಿತ್ತು. ಮಕ್ಕಳ ಹೊಟ್ಟೆಗೆ ಹೋದರೆ ಅದು ವಿಷ. ಮೊದಲ ಮಾದರಿಯನ್ನು ಪಕ್ಕದ ಮನೆಯ ಪುಟಾಣಿ ಮಯೂರ ಆಟವಾಡುತ್ತಾ ತೆರೆದುಬಿಟ್ಟಿದ್ದ. ಅದಕ್ಕೇ ಅವಳು ಒತ್ತುವ ಬಿಗಿಯನ್ನು ಇನ್ನಷ್ಟು ಹೆಚ್ಚಿಸಿದ್ದಳು.

ಸೋದರತ್ತೆ ಜಲಜಾಕ್ಷಿಯ ಮನೆಗೆ ಎರಡು ಮನೆ ಮುಂಚೆ ಆಟೋ ಓಡಿಸುವ ರಾಜುವಿನ ಮನೆ. ಅವನ ಕಾಂಪೌಂಡ್ ಗೋಡೆ ನೋಡಿ ಅಪೇಕ್ಷಾ ನಿಂತಳು. ಗೋಡೆಯ ಉದ್ದಕ್ಕೂ ಎಣ್ಣೆಯ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಒಂದರ ಕುತ್ತಿಗೆಗೆ ಕೆಂಪು ದಾರ, ಇನ್ನೊಂದಕ್ಕೆ ಬಟ್ಟೆಯ ಚೂರು, ಮತ್ತೊಂದಕ್ಕೆ ಹಳೆಯ ಬಳೆ. ಎಲ್ಲದರ ಮೇಲೂ ಅವಳು ಪರೀಕ್ಷೆಗೆಂದು ಹಂಚಿದ್ದ ಹಸಿರು ಮುಚ್ಚಳ.

ಶಾಲೆಯ ಮಕ್ಕಳನ್ನು ಬಿಟ್ಟು ಬಂದಿದ್ದ ರಾಜು ಒಂದೊಂದನ್ನೇ ಎತ್ತಿ, ಎದೆಗೆ ಒತ್ತಿಕೊಂಡು, ಟಕ್ಕೆಂದು ತೆರೆದು, ಮುಚ್ಚಳವನ್ನು ಸಡಿಲವಾಗಿ ಕೂರಿಸಿ ಇಡುತ್ತಿದ್ದ.

"ನಿಮ್ದೂ ಬಾಟ್ಲಿಯೇನ್ರಿ? ಸಾಲಲ್ಲಿ ಇಡಿ, ತೆಗೆದುಕೊಡ್ತೀನಿ," ಎಂದ.

"ಇದೆಲ್ಲ ಯಾರದ್ದು?"

"ಬೀದಿ ಅಜ್ಜಮ್ಮಂದಿರದ್ದು. ಕೈ ನೋವಿಗೆ ಎಣ್ಣೆ ಕೊಟ್ಟಿದಾರೆ, ಕೈ ನೋವಿದ್ದವ್ರಿಗೆ ತೆಗೆಯಕ್ಕೇ ಬರಲ್ಲ. ದಿನಾ ಬೆಳಗ್ಗೆ ನಂಗಿದೊಂದು ಟ್ರಿಪ್ಪು. ಇದನ್ನ ಮಾಡಿದ ಪುಣ್ಯಾತ್ಮನಿಗೆ ಅಜ್ಜಿ ಇರ್ಲಿಲ್ಲ ಅಂತ ಕಾಣ್ಸುತ್ತೆ."

ಅಪೇಕ್ಷಾ ನಗಲು ಪ್ರಯತ್ನಿಸಿದಳು. "ತೆಗೆದ ಮೇಲೆ ಹಾಗೇ ಇಟ್ಕೊಂಡ್ರೆ ಆಗಲ್ವಾ? ಮತ್ತೆ ಯಾಕೆ ಬಿಗಿ ಮಾಡ್ತಾರೆ?"

"ಅದೇ ತಮಾಷೆ ನೋಡಿ. ಟಕ್ ಅನ್ನೋವರ್ಗೂ ಮುಚ್ಚಬೇಕು ಅಂತ ಯಾವ್ದೋ ಹುಡುಗಿ ಹೇಳಿದ್ಲಂತೆ. ಮಕ್ಕಳಿರೋ ಮನೆ, ಆ ಹುಡುಗಿ ಮಾತು ಮೀರಬಾರ್ದು ಅಂತಾರೆ. ಮುಚ್ಚೋದು ಅವರು, ತೆಗೆಯೋದು ನಾನು."

ಅಷ್ಟರಲ್ಲಿ ಜಲಜಾಕ್ಷಿ ತನ್ನ ಬಾಟಲಿ ಒಯ್ಯಲು ಬಂದರು. ಜೊತೆಗೆ ಎದುರು ಮನೆಯ ಹೂವಮ್ಮ. ಅಪೇಕ್ಷಾಳನ್ನು ಕಂಡದ್ದೇ ಇಬ್ಬರ ಕಾಲೂ ಅಲ್ಲೇ ನಿಂತಿತು.

"ರಾಜು, ಸುಮ್ನಿರು ಮಾರಾಯ," ಎಂದರು ಜಲಜಾಕ್ಷಿ. "ಇವಳು ನಮ್ಮಣ್ಣನ ಮಗಳು."

ರಾಜು ಅತ್ತೆಯನ್ನು ನೋಡಿದ, ಅಪೇಕ್ಷಾಳನ್ನು ನೋಡಿದ, ಕೈಯಲ್ಲಿದ್ದ ಬಾಟಲಿಯನ್ನು ನೋಡಿದ. "ಅಯ್ಯೊ, ನಾನು ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ ಅಕ್ಕ. ತುಂಬಾ ಗಟ್ಟಿ ಮುಚ್ಚಳ ಇದು. ಗಟ್ಟಿ ಮಾಲು," ಎಂದು ಒಳಗೆ ಹೋಗಿಬಿಟ್ಟ.

"ಅತ್ತೆ, ಫೋನಲ್ಲಿ ಕೇಳ್ದಾಗೆಲ್ಲ ಚೆನ್ನಾಗಿದೆ ಅಂದ್ಯಲ್ಲ?"

"ಮತ್ತೆಂತ ಹೇಳ್ಲಿ ಕೂಸೆ? ನೀನು ಅಷ್ಟು ಆಸೆಯಿಂದ ತಂದಿದ್ದೆ. ತವರಿಂದ ಬಂದ ಬುತ್ತಿಗೆ ಉಪ್ಪು ಕಮ್ಮಿ ಅಂದವರುಂಟಾ?"

ಆ ಬೀದಿಯ ರೀತಿಯೇ ಹಾಗೆ. ಒಬ್ಬಳ ತವರು ಅಂದರೆ ಎಲ್ಲರ ತವರು. ತವರಿನಿಂದ ಬಂದದ್ದು ಸೀದುಹೋದ ಚಕ್ಕುಲಿಯಾದರೂ ಹೆಸರಿಡುವಂತಿಲ್ಲ. ಅದನ್ನು ತಿಳಿದೂ ತಿಳಿದೂ ಅಪೇಕ್ಷಾ ತನ್ನ ಮುಚ್ಚಳದ ಪರೀಕ್ಷೆಗೆ ಈ ಬೀದಿಯನ್ನೇ ಆರಿಸಿಕೊಂಡಿದ್ದಳು. ಇಲ್ಲಿ ಚಹಾ ಸಿಗುತ್ತದೆ, ಪ್ರೀತಿ ಸಿಗುತ್ತದೆ, ಹೊಗಳಿಕೆ ಸಿಗುತ್ತದೆ.

ಆದರೆ ಅವಳನ್ನು ಕುಟುಕಿದ್ದು ಅದಲ್ಲ. ಪರೀಕ್ಷೆಯ ದಿನ ಅತ್ತೆಯ ಜಗಲಿಯಲ್ಲಿ ಕೂತು ಹೂವಮ್ಮ ಮುಚ್ಚಳಕ್ಕೆ ಕೈ ಹಾಕಿದ್ದರು. ಗದ್ದೆಯಲ್ಲಿ ನಟ್ಟಿ ಮಾಡಿ ಮಾಡಿ ಗಂಟುಗಟ್ಟಿದ ಬೆರಳು ಜಾರಿತು. ಇನ್ನೊಮ್ಮೆ ಜಾರಿತು. ಆಗ ಅಪೇಕ್ಷಾ, "ಕೊಡಿ ಹೂವಮ್ಮ, ಹೀಗೆ," ಎಂದು ಅವರ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿದ್ದಳು. ಮುಚ್ಚಳ ತೆರೆಯಿತು. "ಹಾಂ, ಈಗ ಗೊತ್ತಾತು," ಎಂದು ಹೂವಮ್ಮ ನಕ್ಕಿದ್ದರು. ಆಮೇಲೆ ಬಂದ ಎಲ್ಲರ ಕೈಯ ಮೇಲೂ ಅವಳು ಹಾಗೇ ಕೈಯಿಟ್ಟಳು. ಸಾಗರಕ್ಕೆ ಹೋಗಿ ನಾಗೇಂದ್ರರಿಗೆ, "ಎಲ್ಲರೂ ತೆಗೆದ್ರು ಸರ್," ಎಂದಳು. ಒತ್ತಿದ್ದು ಯಾರ ಬಲ ಎಂದು ಅವಳ ಅಂಗೈಗೆ ಅವತ್ತೇ ಗೊತ್ತಿತ್ತು. ಬಿಗಿ ಇಳಿಸಿದರೆ ಮಯೂರ ತೆರೆಯುತ್ತಾನೆ, ಏರಿಸಿದರೆ ಹೂವಮ್ಮನಿಗೆ ಆಗುವುದಿಲ್ಲ, ನಕ್ಷೆಯನ್ನು ಬುಡದಿಂದ ಬದಲಿಸಬೇಕಾಗುತ್ತದೆ. ಆ ಯೋಚನೆಯನ್ನು ಅವಳು ಬೇಕೆಂದೇ ಬದಿಗೆ ಸರಿಸಿದ್ದಳು.

ಹೂವಮ್ಮ ಹತ್ತಿರ ಬಂದು ಅವಳ ಸೆರಗಿಗೆ ಹತ್ತಿದ್ದ ಗೋಡೆಯ ಪಾಚಿಯನ್ನು ಒರೆಸಿದರು. "ಅಲ್ಲಿ ಹೋಗಿ ಎಂತದೂ ಹೇಳ್ಬೇಡ ಮಗಾ. ನಿನ್ನ ಮೊದಲ್ನೇ ಮುಚ್ಚಳ. ನಮಗೇನು ಕಷ್ಟ, ರಾಜು ಇದಾನೆ. ಬೆಳಗಾದ್ರೆ ಇಲ್ಲಿ ನಿಂತು ನಾಲ್ಕು ಮಾತಾಡ್ತೀವಿ. ಮುಂಚೆ ಅದೂ ಇರ್ಲಿಲ್ಲ."

ಅವರು ಬೈದಿದ್ದರೆ ಅಪೇಕ್ಷಾಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಬೀದಿಯ ಬಾಯಲ್ಲಿ ಹಾರ್ನ್ ಕೇಳಿಸಿತು. ಅತ್ತೆ ನಾಲ್ಕಾರು ಬಾಟಲಿಗಳನ್ನು ಟಕ್ಕೆನ್ನುವವರೆಗೂ ಮುಚ್ಚಿ, ಗುರುತಿನ ದಾರ, ಬಟ್ಟೆಚೂರುಗಳನ್ನೆಲ್ಲ ಬಿಚ್ಚಿ ತೆಗೆದು, ಚೀಲಕ್ಕೆ ಹಾಕಿ ಕೊಟ್ಟರು. ಯಾರಿಗೂ ಅನುಮಾನ ಬರಬಾರದು ಎಂಬ ಎಚ್ಚರ. ಆ ಎಚ್ಚರವನ್ನು ನೋಡಲಾರದೆ ಅಪೇಕ್ಷಾ ಬೇರೆ ಕಡೆ ಮುಖ ಮಾಡಿದಳು.

ದಾರಿಯುದ್ದಕ್ಕೂ ನಾಗೇಂದ್ರ ಹುರುಪಿನಲ್ಲಿದ್ದರು. ಈ ಮುಚ್ಚಳ ಗೆದ್ದರೆ ಇಂಥ ಇನ್ನಷ್ಟು ಮುಚ್ಚಳ ಮಾಡಬಹುದು, ನಿಮ್ಮ ಹೆಸರಲ್ಲೇ ನೋಂದಾಯಿಸೋಣ ಎಂದರು. ಹೇಳಬೇಕೆಂದು ಅವಳು ಬಾಯಿ ತೆರೆದಾಗೆಲ್ಲ ಒಂದು ತಿರುವು ಬರುತ್ತಿತ್ತು, ಅಥವಾ ಎದುರಿಗೆ ಬಸ್ಸು ಬರುತ್ತಿತ್ತು. ತಿರುವೂ ಬಸ್ಸೂ ಇಲ್ಲದ ರಸ್ತೆ ಬಂದಾಗಲೂ ಅವಳು ಹೇಳಲಿಲ್ಲ.

ತೀರ್ಥಹಳ್ಳಿಯಲ್ಲಿ ಗೌರೀಶ ಪಂಡಿತರ ಮನೆಯೇ ಅಂಗಡಿ. ನಡುಮನೆಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಬಾಟಲಿಗಳನ್ನು ಮುಂದೆ ಇಟ್ಟುಕೊಂಡು ಪಂಡಿತರು ಮೆಲ್ಲಗೆ ಹೇಳಿದರು: "ಹೋದ ವರ್ಷ ಪಕ್ಕದ ಮನೆ ಕೂಸು ನಮ್ಮ ಎಣ್ಣೆ ಕುಡೀತು. ಉಳೀತು, ದೇವರು ದೊಡ್ಡವನು. ಆವತ್ತಿಂದ ಒಂದೊಂದು ಬಾಟ್ಲಿ ಮಾರುವಾಗಲೂ ಮನೇಲಿ ಮಕ್ಕಳಿದಾವಾ ಅಂತ ಕೇಳ್ತೀನಿ. ಮಕ್ಕಳಿಗೆ ಇದು ಬರಲ್ಲ, ನಾನೇ ನೋಡಿದೀನಿ. ದೊಡ್ಡವರಿಗೆ ಹೇಗೆ?"

"ಹೊಸನಗರದಲ್ಲಿ ಒಂದಿಡೀ ಬೀದಿ ಬಳಸ್ತಾ ಇದೆ ಪಂಡಿತರೇ," ಎಂದರು ನಾಗೇಂದ್ರ. "ಒಂದೇ ಒಂದು ದೂರಿಲ್ಲ."

ಅದು ನಿಜವೇ ಆಗಿತ್ತು. ನಿಜವಾದ ಮಾತಿಗೆ ಅಷ್ಟು ನಾಚಿಕೆಯಾಗಬಹುದೆಂದು ಅಪೇಕ್ಷಾ ಎಣಿಸಿರಲಿಲ್ಲ.

"ಅಮ್ಮಾ, ಒಂದ್ಸಲ ತೆಗೆದು ನೋಡು ಬಾ," ಎಂದು ಪಂಡಿತರು ಒಳಗೆ ಕೂಗಿದರು. ಅವರ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನಿಂತೇ ತಿರುಗಿಸಿದರು, ಮುಚ್ಚಳ ಟಕಟಕ ಎಂದಿತು. ಕೂತು, ಬಾಟಲಿಯನ್ನು ಮೊಣಕಾಲಿನ ನಡುವೆ ಹಿಡಿದು ಒತ್ತಿದರು. ಬೆರಳ ತುದಿಯೆಲ್ಲ ಬೆಳ್ಳಗಾಯಿತು. ಮತ್ತೆ ಟಕಟಕ. ಸುತ್ತ ಇದ್ದವರ ಮುಖ ನೋಡಿ ಆ ಹಿರಿಯರು ತಪ್ಪು ಮಾಡಿದವರ ಹಾಗೆ ನಕ್ಕರು.

"ನನ್ನ ಕೈಯೇ ಸರಿ ಇಲ್ಲ ಬಿಡು. ಮುಚ್ಚಳ ಚೆನ್ನಾಗೇ ಇದೆ."

"ಹೊಸದಲ್ವಾ, ಸ್ವಲ್ಪ ಅಭ್ಯಾಸ ಆಗ್ಬೇಕು," ಎಂದರು ನಾಗೇಂದ್ರ. "ಅಪೇಕ್ಷಾ, ಅಮ್ಮನಿಗೆ ಸ್ವಲ್ಪ ತೋರಿಸಿಕೊಡಿ."

ಅವಳು ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತಳು. ಕೈ ಮುಂದೆ ಹೋಯಿತು. ಇನ್ನೊಂದು ಕ್ಷಣ, ಮುಚ್ಚಳ ತೆರೆಯುತ್ತದೆ, ಎಲ್ಲರೂ ನಗುತ್ತಾರೆ. ಆಮೇಲೆ ಅಂಗಡಿ ಅಂಗಡಿಯಲ್ಲಿ ಈ ಬಾಟಲಿ, ಮನೆಮನೆಯಲ್ಲಿ ಒಬ್ಬರು ತಮ್ಮ ಕೈಯನ್ನು ತಾವೇ ಬೈದುಕೊಳ್ಳುತ್ತಾ ಕೂರುತ್ತಾರೆ. ಎಲ್ಲ ಬೀದಿಗೂ ಒಬ್ಬ ರಾಜು ಎಲ್ಲಿಂದ ಬರಬೇಕು?

"ನಿಮ್ಮ ಕೈ ಸರಿಯಾಗೇ ಇದೆ ಅಮ್ಮ," ಎಂದಳು. "ಮುಚ್ಚಳ ಸರಿ ಇಲ್ಲ. ಹೊಸನಗರದಲ್ಲೂ ಯಾರಿಗೂ ಬರ್ಲಿಲ್ಲ. ನಾನು ಕೈ ಒತ್ತಿ ತೆಗೆಸಿದೆ. ತೆಗೆದ್ರು ಅಂತ ಸುಳ್ಳು ಹೇಳ್ದೆ."

ನಾಗೇಂದ್ರರ ಮುಖ ನಿಧಾನವಾಗಿ ಕೆಂಪೇರಿತು.

"ಇದನ್ನ ಕಾರಲ್ಲಿ ಹೇಳ್ಬಹುದಿತ್ತಲ್ಲ? ಅಷ್ಟು ದಾರಿ ಬಾಯಲ್ಲಿ ಎಂತ ಇಟ್ಕೊಂಡಿದ್ರಿ?"

"ಹೇಳ್ಬೇಕಿತ್ತು ಸರ್. ಧೈರ್ಯ ಬರ್ಲಿಲ್ಲ."

ಅವರು ಫೋನ್ ತೆಗೆದುಕೊಂಡು ಅಂಗಳಕ್ಕೆ ಹೋದರು. "ಅಚ್ಚಿನ ಕೆಲಸ ಶುರು ಮಾಡ್ಬೇಡಿ. ಇಲ್ಲ, ನಮ್ಮ ಕಡೇದೇ ತಪ್ಪು, ನಮ್ಮದೇ," ಎನ್ನುವುದು ಕೇಳಿಸಿತು. ಅವರು ಅವಳ ಹೆಸರು ಹೇಳಲಿಲ್ಲ. ಅದೂ ಚುಚ್ಚಿತು.

ಪಂಡಿತರು ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು. "ಮತ್ತೆ ಮಾಡಿ," ಎಂದರು. "ಅಲ್ಲಿವರೆಗೆ ಮಕ್ಕಳಿರೋ ಮನೆಗೆ ನಾನು ಎಣ್ಣೆ ಕೊಡಲ್ಲ. ಆದ್ರೆ ಮುಂದಿನ ಸಲ ನಿಮ್ಮ ನೆಂಟರ ಹತ್ರ ಕೇಳ್ಬೇಡಿ."

"ಇಲ್ಲ," ಎಂದಳು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ದಣಿವು. ಇನ್ನೊಂದು ಮಳೆಗಾಲ ಹಾಗೇ ಕೇಳಿ ಕೇಳಿ ಮಾರಬೇಕಾದವರ ದಣಿವು.

ಹೊರಡಲು ಎದ್ದಾಗ ಪಂಡಿತರ ತಾಯಿ ಕುಂಕುಮದ ಭರಣಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಹಣೆಯಲ್ಲಿ ಕಳಿಸುವ ರೂಢಿ ಅವರಲ್ಲಿಲ್ಲ, ಆಕೆ ಎಂಥ ಸುದ್ದಿ ತಂದಿದ್ದರೂ. ಅಪೇಕ್ಷಾ ಎದುರು ನಿಂತಳು. ನೆಲ ಬಿಟ್ಟು ಕಣ್ಣು ಮೇಲೇಳಲಿಲ್ಲ.

"ಮುಖ ಎತ್ತು ಮಗಾ. ಹಣೆ ಕಾಣ್ತಾ ಇಲ್ಲ, ಬೈತಲೆಗೆ ಹಚ್ಚಲಾ ನಾನು?"

ಬೆರಳಲ್ಲಿ ಕುಂಕುಮ ಹಿಡಿದು ಅವರು ಕಾದರು. ಅಂಗಳದಲ್ಲಿ ನಾಗೇಂದ್ರ ಕಾರು ಚಾಲೂ ಮಾಡಿದ್ದರು. ಆ ಹಿರಿಯರು ಇನ್ನೂ ಕಾದರು. ಅಪೇಕ್ಷಾ ಮುಖ ಎತ್ತಿದಳು.