ಸಾಹೇಬರ ಸ್ಟಿಕ್ಕರು

ಆ ಸಂಘದಲ್ಲಿ ಹನ್ನೆರಡು ಗಂಡಸರು, ನಲವತ್ತೊಂದು ಹಳೇ ಕಂಪ್ಯೂಟರುಗಳು. ಕಂಪ್ಯೂಟರುಗಳ ಪೈಕಿ ಒಂಬತ್ತು ಕೆಲಸ ಮಾಡುತ್ತಿದ್ದವು. ಗಂಡಸರ ಪೈಕಿ ಎಷ್ಟು ಎಂಬುದನ್ನು ಅವರವರ ಮನೆಯವರೇ ಹೇಳಬೇಕು.

ಟೈರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯೇ ಸಂಘದ ಕಚೇರಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೀಗ ತೆಗೆದರೆ ಮೊದಲು ಕೆಳಗಿನಿಂದ ರಬ್ಬರ್ ವಾಸನೆ ಬರುತ್ತಿತ್ತು, ಆಮೇಲೆ ಬೆಸುಗೆಯ ಹೊಗೆ, ಆಮೇಲೆ ಜಗಳ. ಹಲ್ಲಿನ ಡಾಕ್ಟರು ಕೀಬೋರ್ಡಿನ ಸಂದಿಯ ಕೊಳೆಯನ್ನು ಹಲ್ಲು ಕೆರೆಯುವ ಕೊಕ್ಕೆಯಿಂದಲೇ ಕೆರೆಯುತ್ತಿದ್ದರು. ಸೋಮವಾರ ಆ ಕೊಕ್ಕೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಲಿಫ್ಟ್ ಮೆಕ್ಯಾನಿಕ್‌ಗೆ ಟೇಪುಗಳ ಮೇಲೆ ಪ್ರಾಣ. ಸುತ್ತಿದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಸುತ್ತುವುದು, ಅಷ್ಟರಲ್ಲಿ ಅವನ ಭಾನುವಾರ ಮುಗಿಯುತ್ತಿತ್ತು. ಒಟ್ಟಿನಲ್ಲಿ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡುವ ಜನ. ಕೆಟ್ಟುಹೋದ ಒಂದು ಸಂಬಂಧವನ್ನು ಬಿಟ್ಟು.

ಅದು ಭಾವ-ಮೈದುನರ ಸಂಬಂಧ. ಭಾವ ಸಂಘದ ಅಧ್ಯಕ್ಷರು, ಎಲ್ಲರ ಬಾಯಲ್ಲೂ ‘ಸಾಹೇಬರು’. ಬಸ್ ಡಿಪೋದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾದವರು. ಕುರ್ಚಿಯಿಂದ ನಿವೃತ್ತಿಯಾದರೂ ಗತ್ತಿನಿಂದ ಆಗಿರಲಿಲ್ಲ. ಮೈದುನ ಅವರ ಹೆಂಡತಿಯ ತಮ್ಮ. ಹೊಲಿಗೆ ಯಂತ್ರ ರಿಪೇರಿ ಅವನ ಕಸುಬು. ಫ್ಲಾಪಿ ಓದುವ ಡ್ರೈವುಗಳೊಳಗಿನ ರಬ್ಬರ್ ಬೆಲ್ಟ್ ಬದಲಿಸುವುದರಲ್ಲಿ ಎತ್ತಿದ ಕೈ, ಹಾಗಾಗಿ ‘ಬೆಲ್ಟು’ ಎಂದೇ ಹೆಸರು. ಹನ್ನೊಂದು ವರ್ಷದ ಹಿಂದೆ ಸಾಹೇಬರು ಅವನ ಹಳದಿಗಟ್ಟಿದ ಕೀಬೋರ್ಡನ್ನು ಬೆಳ್ಳಗೆ ಮಾಡಿಕೊಡುತ್ತೇನೆಂದು ಒಯ್ದು, ಔಷಧಿ ಬಳಿದು ಬಿಸಿಲಿಗಿಟ್ಟು, ಮರೆತು, ಸ್ಪೇಸ್ ಬಾರ್ ಎರಡು ತುಂಡಾದ ಮೇಲೆ ವಾಪಸು ಕೊಟ್ಟಿದ್ದರು. ಕೀಬೋರ್ಡಿನಲ್ಲಿ ಇಲ್ಲವಾದ ಸ್ಪೇಸು ಅಂದಿನಿಂದ ಇಬ್ಬರ ನಡುವೆ ಬಂದು ಕೂತಿತು. ಒಂದೇ ಮೇಜಿನ ಎರಡು ತುದಿಗಳಲ್ಲಿ ಕೂತು, ನಡುವೆ ಸಿಕ್ಕಿಕೊಂಡ ಹಲ್ಲಿನ ಡಾಕ್ಟರ ಮೂಲಕವೇ ಮಾತು.

“ಡಾಕ್ಟ್ರೇ, ನಿಮ್ಮ ಸಾಹೇಬ್ರಿಗೆ ಹೇಳಿ, ಕೈ ತೊಳ್ಕೊಂಡು ಮುಟ್ಲಿ ಅಂತ.”

“ಡಾಕ್ಟ್ರೇ, ಆ ಹೊಲಿಗೆ ಮಿಷನ್ನಿಗೆ ಹೇಳಿ, ತನ್ನ ಬಾಯಿಗೂ ನಾಲ್ಕು ಹೊಲಿಗೆ ಹಾಕ್ಕೊಳ್ಲಿ ಅಂತ.”

ಸಾಹೇಬರ ಕೀರ್ತಿಯೆಲ್ಲ ನಿಂತಿದ್ದು ಒಂದು ಪ್ರೋಗ್ರಾಮಿನ ಮೇಲೆ. ಡಿಪೋದ ಮುನ್ನೂರ ನಲವತ್ತು ಡ್ರೈವರುಗಳಿಗೆ ಯಾರು ಯಾವ ಬಸ್ಸು, ಯಾರಿಗೆ ಯಾವತ್ತು ರಜೆ ಎಂದು ಹಂಚುವ ಡ್ಯೂಟಿ ಪಟ್ಟಿ. ಕೈಯಲ್ಲಿ ಬರೆದರೆ ಮೂರು ದಿನದ ಕೆಲಸ. ಪ್ರೋಗ್ರಾಮು ಬಂದ ಮೇಲೆ ಒಂದು ಗಂಟೆ. ಅದನ್ನು ತಾವು ಬರೆದದ್ದು ಹೇಗೆ ಎಂಬ ಕಥೆಯನ್ನು ಸಾಹೇಬರು ಪ್ರತಿ ಭಾನುವಾರ ಹೇಳುತ್ತಿದ್ದರು, ಮತ್ತು ಪ್ರತಿ ಭಾನುವಾರ ಅದು ಸ್ವಲ್ಪ ಬೆಳೆಯುತ್ತಿತ್ತು. ಈಗ ವಿಜ್ಞಾನ ವಸ್ತು ಸಂಗ್ರಹಾಲಯದವರು ಡಿಪೋದ ಆ ಹಳೇ ಕಂಪ್ಯೂಟರನ್ನು ಪ್ರದರ್ಶನಕ್ಕಿಡಲು ಒಪ್ಪಿದ್ದರು. ಜೊತೆಗಿಡುವ ಫಲಕವೂ ತಯಾರಾಗಿ ಕೋಣೆಯ ಕಪಾಟಿನ ಮೇಲೆ ನಿಂತಿತ್ತು. ‘ಡ್ಯೂಟಿ ಪಟ್ಟಿ ಪ್ರೋಗ್ರಾಮಿನ ರಚನೆ’ ಎಂದು ಸಣ್ಣಕ್ಷರದಲ್ಲಿ, ಕೆಳಗೆ ಸಾಹೇಬರ ಹೆಸರು ಅಂಗಡಿ ಬೋರ್ಡಿನ ಗಾತ್ರದಲ್ಲಿ. ಬುಧವಾರ ಬಂದು ಒಯ್ಯುವವರಿದ್ದರು.

ಆ ಭಾನುವಾರ ಅಕ್ಕ ಬಂದಳು. ಅಕ್ಕ ಎಂದರೆ ಬೆಲ್ಟುವಿನ ಅಕ್ಕ, ಸಾಹೇಬರ ಹೆಂಡತಿ. ಸಂಘದ ಮೆಟ್ಟಿಲನ್ನು ಅವಳು ಹತ್ತಿದ್ದು ಅದೇ ಮೊದಲು. ಕೈಯಲ್ಲಿ ಬಟ್ಟೆ ಚೀಲ.

“ಏನೇ ಇದು, ಇಲ್ಲಿಗ್ಯಾಕೆ ಬಂದೆ?” ಸಾಹೇಬರು ಎದ್ದು ನಿಂತರು. “ಗ್ಯಾಸ್ ಆಫ್ ಮಾಡಿ ಬಂದ್ಯೋ ಇಲ್ವೋ?”

“ಮನೇದು ಆಫ್ ಮಾಡಿದೀನಿ. ನನ್ನೊಳಗೊಂದು ಮೂವತ್ತು ವರ್ಷದಿಂದ ಉರೀತಿದೆಯಲ್ಲ, ಅದನ್ನ ಆಫ್ ಮಾಡೋಣ ಅಂತ ಬಂದೆ.”

ಚೀಲದಿಂದ ಅವಳು ಹೊರತೆಗೆದದ್ದು ಊಟದ ತಟ್ಟೆಯಷ್ಟು ಅಗಲದ, ಚೌಕಾಕಾರದ ಕಪ್ಪು ಫ್ಲಾಪಿ. ಎಂಟಿಂಚಿನದು. ಹನ್ನೆರಡು ಗಂಡಸರೂ ಮಗು ನೋಡಲು ಬಂದವರಂತೆ ಮುಗಿಬಿದ್ದರು. ಅವರ ಬಳಿ ಇದ್ದವೆಲ್ಲ ಐದೂಕಾಲು ಇಂಚಿನವು. ಇಷ್ಟು ಹಳೆಯದನ್ನು, ಡಿಪೋದಲ್ಲಿದ್ದ ಸಾಹೇಬರೊಬ್ಬರನ್ನು ಬಿಟ್ಟರೆ, ಉಳಿದವರು ಚಿತ್ರದಲ್ಲಷ್ಟೇ ಕಂಡಿದ್ದರು. ಹಳೆಯ ಒಲೆಯಷ್ಟು ತೂಕದ ಎಂಟಿಂಚಿನ ಡ್ರೈವೊಂದನ್ನು ಬೆಲ್ಟು ಎರಡು ವರ್ಷ ಒದ್ದಾಡಿ ಹಿಂದಿನ ವಾರವಷ್ಟೇ ಓಡುವಂತೆ ಮಾಡಿದ್ದ. ಅದಕ್ಕೆ ಹಾಕಲು ಫ್ಲಾಪಿ ಮಾತ್ರ ಸಂಘದಲ್ಲಿ ಒಂದೂ ಇರಲಿಲ್ಲ. ಗಂಟಲಿತ್ತು, ತುತ್ತಿರಲಿಲ್ಲ.

“ಡ್ಯೂಟಿ ಪಟ್ಟಿ ಪ್ರೋಗ್ರಾಮು ಇದರಲ್ಲಿದೆ,” ಎಂದಳು ಅಕ್ಕ. “ನಾನು ಡಿಪೋದಲ್ಲಿ ಆಪರೇಟರ್ ಆಗಿದ್ದಾಗ ಬರೆದಿದ್ದು. ಮೊದಲ್ನೇ ಸಾಲಲ್ಲೇ ನನ್ನ ಹೆಸರಿದೆ. ಬುಧವಾರ ಆ ಫಲಕ ಹೋಗೋಕೆ ಮುಂಚೆ ಓದ್ಸಿ.”

ಸಾಹೇಬರು ನಕ್ಕರು. ಕೆಳಗಿನವರ ಅರ್ಜಿ ತಿರಸ್ಕರಿಸುವಾಗ ನಗುವ ನಗು ಅದು.

“ಇವಳು ಟೈಪ್ ಮಾಡ್ದೋಳು ಕಣ್ರಯ್ಯಾ. ನಾನು ಹೇಳ್ತಿದ್ದೆ, ಇವಳು ಬಡೀತಿದ್ಲು.”

“ನೀವು ಹೇಳ್ತಿದ್ದಿದ್ದು ಒಂದೇ ಮಾತು. ‘ಬೇಗ ಮುಗ್ಸಮ್ಮಾ’ ಅಂತ. ಮದ್ವೆ ಆದ್ಮೇಲೆ ಅದರಲ್ಲಿ ‘ಅಮ್ಮ’ ಹೋಯ್ತು, ‘ಬೇಗ ಮುಗ್ಸು’ ಉಳೀತು.”

ಬೆಲ್ಟುವಿನ ಮುಖ ಅರಳಿತು. “ಡಾಕ್ಟ್ರೇ, ಸಾಹೇಬ್ರಿಗೆ ಹೇಳಿ, ಡ್ರೈವು ರೆಡಿ ಇದೆ. ಎದೆ ಇದ್ರೆ ಹಾಕಿಸ್ಲಿ.”

“ಡಾಕ್ಟ್ರೇ, ಅದಕ್ಕೆ ಬೂಷ್ಟು ಹಿಡಿದಿರುತ್ತೆ, ಹಾಕಿದ್ರೆ ಡ್ರೈವಿನ ಹೆಡ್ಡು ಹಾಳಾಗುತ್ತೆ ಅಂತ ಹೇಳಿ.”

ಡಾಕ್ಟರು ಫ್ಲಾಪಿಯ ಕಿಂಡಿಯಲ್ಲಿ ಟಾರ್ಚು ಬಿಟ್ಟು, ರೋಗಿಯ ದವಡೆ ನೋಡುವಂತೆ ನೋಡಿದರು. “ಬೂಷ್ಟಿಲ್ಲ. ನಿಮ್ಮಿಬ್ಬರಿಗಿಂತ ಚೆನ್ನಾಗಿದೆ.”

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಸಾಹೇಬರು ಗತ್ತಿನ ಮೊರೆಹೋದರು. “ಸರಿ, ಆಗ್ಲಿ. ಆದ್ರೆ ಕ್ರಮ ಪ್ರಕಾರ ಆಗ್ಬೇಕು.”

ಕ್ರಮ ಎಂದರೆ ಗೋಡೆಯ ಮೇಲೆ ಅವರದೇ ಕೈಬರಹದಲ್ಲಿದ್ದ ಸಂಘದ ಮೊದಲನೇ ನಿಯಮ: ‘ಸ್ಟಿಕ್ಕರ್ ಇಲ್ಲದ ಫ್ಲಾಪಿ ಡ್ರೈವಿನೊಳಗೆ ಹೋಗಕೂಡದು.’ ಫ್ಲಾಪಿಯ ಅಂಚಿನಲ್ಲಿ ಇಲಿ ಕಡಿದಂತೆ ಒಂದು ಪುಟ್ಟ ಕಚ್ಚು ಇರುತ್ತದೆ. ಅದನ್ನು ಸ್ಟಿಕ್ಕರಿನಿಂದ ಮುಚ್ಚಿದರೆ ಯಂತ್ರ ಓದಬಹುದೇ ಹೊರತು ಏನನ್ನೂ ಬರೆಯಲಾರದು, ಒಳಗಿದ್ದದ್ದು ಭದ್ರ. ಸ್ಟಿಕ್ಕರ್ ಅಂಟಿಸುವ ಅಧಿಕಾರ ಅಧ್ಯಕ್ಷರ ಹೆಬ್ಬೆರಳಿಗೆ ಮಾತ್ರ. ಅಂಟಿಸಿದ ಮೇಲೆ ಒಂದು ಪರೀಕ್ಷೆ: ಫ್ಲಾಪಿಯ ಶುರುವಿನಲ್ಲೇ ಒಂದು ಸಾಲು ಬರೆ ಎಂದು ಯಂತ್ರಕ್ಕೆ ಬೇಕಂತಲೇ ಹೇಳುವುದು. ಯಂತ್ರ ‘ಬರೆಯಲಾಗದು’ ಎಂದು ಹಟ ಹಿಡಿಯಬೇಕು. ಹಿಡಿದರೆ ಚಪ್ಪಾಳೆ, ಆಮೇಲೆ ಓದು. ಹದಿನಾಲ್ಕು ವರ್ಷದಲ್ಲಿ ಯಂತ್ರ ಒಮ್ಮೆಯೂ ಹಟ ಬಿಟ್ಟಿರಲಿಲ್ಲ.

ಸಾಹೇಬರು ಬಿಳಿ ಸ್ಟಿಕ್ಕರೊಂದನ್ನು ಹಾಳೆಯಿಂದ ಎಬ್ಬಿಸಿ, ಅಂಚಿನ ಕಚ್ಚಿನ ಮೇಲೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದರು. ಹೆಂಡತಿಯ ವಸ್ತುವಿಗೆ ಅವರು ತೋರಿದ ಕಾಳಜಿ ಬಹುಶಃ ಅದೊಂದೇ. ಬೆಲ್ಟು ಫ್ಲಾಪಿಯನ್ನು ಒಳಗೆ ತಳ್ಳಿ ಬಾಗಿಲು ಹಾಕಿದ. ಡ್ರೈವು ಹಳೇ ಗಿರಣಿಯಂತೆ ಗುಂಯ್‌ಗುಟ್ಟಿತು. ‘ಬರೆ’ ಎಂಬ ಆದೇಶ ಪರದೆಯ ಮೇಲೆ ಸಿದ್ಧವಾಯಿತು. ಅವನ ಬೆರಳು ಗುಂಡಿಯ ಮೇಲೆ ಬಂತು.

“ತೆಗಿಯೋ ಕೈ!”

ಅಕ್ಕನ ಕೂಗಿಗೆ ಕೆಳಗಿನ ಅಂಗಡಿಯಲ್ಲಿ ಸುತ್ತಿಗೆಯ ಸದ್ದೂ ನಿಂತಿತು. ಅವಳು ಬಂದು ಡ್ರೈವಿನ ಬಾಗಿಲು ತೆಗೆದು, ಫ್ಲಾಪಿ ಈಚೆಗೆಳೆದು, ಸ್ಟಿಕ್ಕರನ್ನು ಉಗುರಿನಿಂದ ಕಿತ್ತು ಬೆರಳ ತುದಿಯಲ್ಲಿ ಹಿಡಿದಳು.

“ಐದೂಕಾಲು ಇಂಚಿನದಕ್ಕೆ ಅಂಟಿಸಿದ್ರೆ ಬರೆಯೋಕಾಗಲ್ಲ. ಇದು ಎಂಟಿಂಚು. ಇದಕ್ಕೆ ಉಲ್ಟಾ. ಅಂಟಿಸಿದ್ರೇನೇ ಬರೆಯೋಕಾಗೋದು. ದಿನಾ ಬೆಳಿಗ್ಗೆ ಅಂಟಿಸಿ ಸಾಯಂಕಾಲ ಕೀಳ್ತಿದ್ದೆ. ಕೆಲ್ಸ ಬಿಟ್ಟ ದಿನ ಕೊನೇ ಸಲ ಕಿತ್ತು ಮನೆಗೆ ತಂದಿಟ್ಟೆ. ಈಗ ಆ ಗುಂಡಿ ಒತ್ತಿದ್ರೆ ಮೊದಲ್ನೇ ಸಾಲೇ ಹೋಗ್ತಿತ್ತು. ನನ್ನ ಹೆಸರಿರೋ ಸಾಲು.”

“ಸುಳ್ಳು,” ಎಂದರು ಸಾಹೇಬರು. “ಪ್ರಪಂಚದಲ್ಲಿರೋ ಫ್ಲಾಪಿಗೆಲ್ಲ ಒಂದೇ ನಿಯಮ. ಗೋಡೆ ಮೇಲೆ ಬರ್ದಿದೆ ನೋಡು.”

“ಬರ್ದಿರೋದು ನೀವೇ ತಾನೇ?”

ಅವಳು ಸ್ಟಿಕ್ಕರ್ ಇಲ್ಲದ ಫ್ಲಾಪಿಯನ್ನು ತಾನೇ ಒಳಗಿಟ್ಟು ಬಾಗಿಲು ಹಾಕಿದಳು. “ಈಗ ಒತ್ತೋ.”

“ಅಕ್ಕಾ, ಬೇಡ. ಇರೋದೇ ಒಂದು—”

“ಒತ್ತು ಅಂದೆ. ಹೆದರ್ಕೊಳ್ಳೋರು ಕೆಳಗೆ ಹೋಗಿ ಟೈರ್ ಒಳಗೆ ಕೂತ್ಕೊಳ್ಳಿ.”

ಆ ಸಾಲು ಹೋದರೆ ಹೋಗಲಿ ಎಂಬ ಆಸೆಯೊಂದು ಸಾಹೇಬರ ಮುಖದಲ್ಲಿ ಮಿಂಚಿದ್ದನ್ನು ಡಾಕ್ಟರು ಕಂಡರು. ಕಾಣಬಾರದ್ದನ್ನು ಕಂಡವರಂತೆ ಮುಖ ತಿರುಗಿಸಿಕೊಂಡರು. ಬೆಲ್ಟು ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಡ್ರೈವು ಎರಡು ಸಲ ಕೆಮ್ಮಿತು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಬರೆಯಲಾಗದು.

ಚಪ್ಪಾಳೆ ಹೊಡೆಯುವ ಕ್ರಮವಿತ್ತು. ಯಾರೂ ಹೊಡೆಯಲಿಲ್ಲ.

ಅಕ್ಕ ಗಂಡನ ಕಡೆ ತಿರುಗಿದಳು. ದನಿ ಏರಿಸಲಿಲ್ಲ, ಏರಿಸಿದ್ದರೆ ಸಾಹೇಬರಿಗೆ ಸುಲಭವಾಗುತ್ತಿತ್ತು.

“ಈಗ ಹೇಳಿ. ಗೊತ್ತಿದ್ದೂ ಅಂಟಿಸಿದ್ರೋ, ಗೊತ್ತಿಲ್ದೆ ಅಂಟಿಸಿದ್ರೋ? ಗೊತ್ತಿದ್ರೆ ನನ್ನ ಹೆಸರು ಅಳಿಸೋಕೆ ಅಂಟಿಸಿದ್ರಿ. ಗೊತ್ತಿಲ್ದಿದ್ರೆ, ಡಿಪೋದಲ್ಲಿ ಒಂದು ದಿನಾನೂ ಒಂದು ಫ್ಲಾಪಿನೂ ಕೈಯಾರೆ ಹಾಕಿಲ್ಲ. ಫ್ಲಾಪಿ ಹಾಕೋದು ಗೊತ್ತಿಲ್ದೋರು ಪ್ರೋಗ್ರಾಮ್ ಹೇಗ್ರೀ ಬರೆದ್ರಿ?”

ಹನ್ನೊಂದು ಜೊತೆ ಕಣ್ಣುಗಳು ಸಾಹೇಬರ ಮೇಲೆ ನೆಟ್ಟವು. ಪ್ರತಿ ಭಾನುವಾರ ಅವರು ಬಯಸುತ್ತಿದ್ದುದೂ ಅದನ್ನೇ.

“ಅದು… ಎಷ್ಟು ವರ್ಷ ಆಯ್ತು… ಮರೆತೋಗಿತ್ತು ಕಣೇ.”

“ಮರೀಬೇಕಂದ್ರೆ ಮೊದ್ಲು ಗೊತ್ತಿರ್ಬೇಕು.”

ಬೆಲ್ಟು ಹೋ ಎಂದು ನಕ್ಕ. ಹನ್ನೊಂದು ವರ್ಷದಿಂದ ಅದುಮಿಟ್ಟುಕೊಂಡಿದ್ದ ನಗು. ಹೊರಬರುವಾಗ ತುಕ್ಕಿನ ಸದ್ದು ಮಾಡಿತು. ಅಕ್ಕ ಅವನ ಕಡೆಗೂ ತಿರುಗಿದಳು.

“ನೀನ್ಯಾಕೋ ಹಲ್ಲು ಕಿರೀತೀಯ? ಮೊದ್ಲು ಆ ಗುಂಡಿ ಮೇಲೆ ಬಂದಿದ್ದು ಯಾರ ಬೆರಳು? ಎರಡು ವರ್ಷ ಈ ಡ್ರೈವ್ ತಬ್ಕೊಂಡು ಕೂತಿದ್ಯಲ್ಲ, ಒಂದು ಸಲ ನನ್ನ ಕೇಳಿದ್ಯಾ, ‘ಅಕ್ಕಾ, ಇದು ಹೇಗೆ?’ ಅಂತ? ನಿನಗೆ ಬೇಕಾಗಿರೋದು ನನ್ನ ಹೆಸರಲ್ಲ, ಭಾವನ ಮೂಗು. ಓದ್ಸು ಸುಮ್ನೆ.”

ಬೆಲ್ಟು ನಗು ನುಂಗಿ ಓದಿಸಿದ. ಸಾಲುಗಳು ಒಂದೊಂದಾಗಿ ಪರದೆಯ ಮೇಲೆ ಏರತೊಡಗಿದವು. ನಡುನಡುವೆ ಕೆಲವು ಸಾಲು ಸವೆದು ಬರೀ ಗೆರೆಗಳಾಗಿದ್ದವು. ಮೊದಲನೆಯದು ಮಾತ್ರ ನೆಟ್ಟಗಿತ್ತು: ಅವಳ ಹೆಸರು, ಹಿಂದೆ ತಂದೆಯ ಹೆಸರಿನ ಇನಿಷಿಯಲ್. ಬೆಲ್ಟುವಿನ ಇನಿಷಿಯಲ್ ಕೂಡ ಅದೇ. ಅವನು ಅದನ್ನು ಓದಿದ್ದು ಮನಸ್ಸಿನಲ್ಲೇ. ಬರೆಯುವವರು ತಮ್ಮ ನೆನಪಿಗೆಂದು ಪ್ರೋಗ್ರಾಮಿನ ನಡುವೆ ಹಾಕಿಕೊಳ್ಳುವ ಟಿಪ್ಪಣಿಗಳೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬಂದವು. ಅವನ್ನು ಲಿಫ್ಟ್ ಮೆಕ್ಯಾನಿಕ್ ತಡೆಯಲಾರದೆ ಗಟ್ಟಿಯಾಗಿ ಓದಿಬಿಟ್ಟ.

“‘ರಜೆ ಲೆಕ್ಕ ಇಲ್ಲಿಂದ ಶುರು… ಊಟದ ಹೊತ್ತಲ್ಲಿ ಬರೆದದ್ದು… ಸಾಹೇಬರು ನಿದ್ದೆಯಲ್ಲಿದ್ದಾರೆ. ಎದ್ದರೆ ಮುಂದಿನದು ನಾಳೆ.’”

ಸ್ವಲ್ಪ ಕೆಳಗೆ ಮತ್ತೊಂದು.

“‘ಸಾಹೇಬರು ಇನ್ನೂ ಎದ್ದಿಲ್ಲ. ಇವತ್ತೇ ಮುಗಿಸಿದೆ.’”

ಒಬ್ಬ ನಗಲು ಹೋಗಿ ಅದನ್ನು ಕೆಮ್ಮಾಗಿ ಮಾರ್ಪಡಿಸಿದ. ಸಾಹೇಬರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಕೂರಲಿಲ್ಲ. ಅದು ಅಧ್ಯಕ್ಷರ ಕುರ್ಚಿ.

“ಮನೇಲಿ ಮಾತಾಡೋಣ ನಡಿ,” ಎಂದರು ಕೊನೆಗೆ.

“ಮನೇಲಿ ಮೂವತ್ತು ವರ್ಷ ಮಾತಾಡ್ದೆ. ನೀವು ಪೇಪರ್ ಓದ್ತಿದ್ರಿ.”

ಅಕ್ಕ ಕಪಾಟಿನ ಬಳಿ ಹೋಗಿ ಫಲಕವನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದಳು. ಬೆರಳ ತುದಿಯಲ್ಲಿದ್ದ ಸ್ಟಿಕ್ಕರನ್ನು ಸಾಹೇಬರ ಹೆಸರಿನ ಮೊದಲಕ್ಷರದ ಮೇಲೆ ಅಂಟಿಸಿದಳು. ಹೆಸರು ದೊಡ್ಡದು, ಒಂದು ಸಾಲಲಿಲ್ಲ. ಹಾಳೆಯಿಂದ ಇನ್ನೂ ಐದು ಎಬ್ಬಿಸಿ, ಒಂದರ ಪಕ್ಕ ಒಂದು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು. ಅಧ್ಯಕ್ಷರ ಅಧಿಕಾರ ಅದು ಎಂದು ಯಾರೂ ಆಕ್ಷೇಪಿಸಲಿಲ್ಲ.

“ಎಂಟಿಂಚಿನ ನಿಯಮ,” ಎಂದಳು. “ಅಂಟಿಸಿ ಆಯ್ತು. ಈಗ ಬರೀಬಹುದು.”

ಹನ್ನೊಂದು ಗಂಡಸರೂ ಜೇಬು ತಡಕಿದರು. ಸ್ಕ್ರೂಡ್ರೈವರ್ ಸಿಕ್ಕಿತು, ಇಕ್ಕಳ ಸಿಕ್ಕಿತು, ಹಲ್ಲಿನ ಕೊಕ್ಕೆಯೂ ಸಿಕ್ಕಿತು. ಬೆಲ್ಟುವಿಗೆ ಮಾತ್ರ ಪೆನ್ನು ಸಿಕ್ಕಿತು; ಓಡಿ ಬಂದು ಚಾಚಿದ. ಅಕ್ಕ ಅದನ್ನು ನೋಡಲೂ ಇಲ್ಲ. ಅಂಗೈ ಬಿಚ್ಚಿ ಗಂಡನ ಮುಂದೆ ಹಿಡಿದು ನಿಂತಳು.

ಸಾಹೇಬರು ಡಾಕ್ಟರ ಕಡೆ ನೋಡಿದರು. ಡಾಕ್ಟರ ಮೂಲಕ ಹೇಳಿ ಕಳಿಸುವ ಮಾತೇನೂ ಅಲ್ಲಿ ಇರಲಿಲ್ಲ. ಗೋಡೆಯ ಮೇಲಿನ ನಿಯಮದ ಕಡೆ ನೋಡಿದರು, ಕೈಬರಹ ತಮ್ಮದೇ.

“ರೀ, ಬೇಗ ಮುಗ್ಸಿ,” ಎಂದಳು ಅಕ್ಕ.

ಸಾಹೇಬರು ತಮ್ಮ ಜೇಬಿನ ಪೆನ್ನು ತೆಗೆದರು. ಕೊಡುವ ಮೊದಲು, ಅಭ್ಯಾಸ ಬಲದಿಂದ, ಅದರ ಮುಚ್ಚಳವನ್ನು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ ಭದ್ರ ಮಾಡಿದರು. ಅಕ್ಕ ಮುಚ್ಚಳ ಕಿತ್ತು ಅವರ ಕೈಗೇ ವಾಪಸಿಟ್ಟು, ಫಲಕದ ಮೇಲೆ ಬಾಗಿದಳು.