ಕನಸಿನಲ್ಲಿ ಕುಡಿದ ಕೆಂಪು ಏಲ್

ದೂರದ ದಕ್ಷಿಣ ಗೋಳಾರ್ಧದ ಹ್ಯೂನ್ ನದಿಯ ದಂಡೆಯುದ್ದಕ್ಕೂ ಶಾಲೆಯ ಬಸ್ಸು ಓಡಿಸುವ ಲೋರ್ನಾಳಿಗೆ ಮೂಗು ಕೈಕೊಟ್ಟು ನಾಲ್ಕು ತಿಂಗಳಾಗಿತ್ತು. ಮಾರ್ಚಿನಲ್ಲಿ ಬಂದ ಜ್ವರ ಹತ್ತು ದಿನಕ್ಕೆ ಬಿಟ್ಟಿತು; ಬಿಡುವಾಗ ವಾಸನೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು. ಉಪ್ಪು, ಸಿಹಿ, ಹುಳಿ, ಕಹಿ ಇಷ್ಟು ಮಾತ್ರ ನಾಲಿಗೆಗೆ ಉಳಿದವು. ಬೇಯಿಸಿದ ಕುರಿಮಾಂಸ ಬಾಯಿಗಿಟ್ಟರೆ ಉಪ್ಪು ಸವರಿದ ರಟ್ಟು. ಡಾಕ್ಟರು, "ಬರಬಹುದು, ಬರದೆಯೂ ಇರಬಹುದು," ಎಂದಿದ್ದರು.

ಎಲ್ಲಕ್ಕಿಂತ ಅವಳನ್ನು ಕಾಡಿದ್ದು ರೆಡ್ ಡಿಂಗಿ. ನದಿಯಾಚೆಯ ಸಣ್ಣ ಕಾರ್ಖಾನೆಯೊಂದು ತಯಾರಿಸುವ ಕೆಂಪು ಏಲ್ ಎಂಬ ಬಗೆಯ ಬಿಯರು ಅದು, ಲೇಬಲ್ಲಿನ ಮೇಲೆ ಪುಟ್ಟ ದೋಣಿ. ಇಪ್ಪತ್ತೆರಡು ವರ್ಷಗಳಿಂದ ಶುಕ್ರವಾರ ಸಂಜೆಗೊಂದು ಬಾಟಲಿ ಅವಳ ಪಾಲಿನ ಹಬ್ಬ. ಈಗ ಅದನ್ನು ತೆರೆದರೆ ಬರಿಯ ತಣ್ಣನೆಯ ಕಹಿ ನೀರು.

ಆದರೆ ಕನಸಿನಲ್ಲಿ ಅವಳ ಮೂಗು ನೆಟ್ಟಗಿತ್ತು. ಬೆಳಿಗ್ಗೆ ಮಕ್ಕಳನ್ನು ಇಳಿಸಿದ ಮೇಲೆ ಅವಳು ಖಾಲಿ ಬಸ್ಸನ್ನು ನದಿಯ ಪಕ್ಕ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗುತ್ತಿದ್ದಳು. ಕಿಟಕಿಗಳಾಚೆ ಮಂಜು. ಕಣ್ಣು ಹತ್ತುತ್ತಿದ್ದಂತೆ ಬಸ್ಸು ಮೆಲ್ಲಗೆ ಜಾರಿ ನೀರಿನ ಮೇಲೆ ತೇಲತೊಡಗುತ್ತಿತ್ತು. ಯಾರದೋ ಕೈ ಒಂದು ಗ್ಲಾಸನ್ನು ಚಾಚುತ್ತಿತ್ತು. ಮೊದಲು ಬ್ರೆಡ್ಡಿನ ಕಂದು ಅಂಚು, ಆಮೇಲೆ ಪ್ಲಮ್ ಜಾಮು, ಗಂಟಲಿಳಿಯುವಾಗ ಕಿತ್ತಳೆ ಸಿಪ್ಪೆಯ ನಸುಗಹಿ. ಎಚ್ಚರವಾದ ಮೇಲೂ ಅದರ ನೆರಳು ಬಾಯಲ್ಲಿ ಗಳಿಗೆ ಹೊತ್ತು ನಿಲ್ಲುತ್ತಿತ್ತು. ಅದು ಕರಗುವ ಮುಂಚೆ ಡ್ಯೂಟಿ ಕಾಗದದ ಹಿಂಬದಿಯಲ್ಲಿ ಗೀಚಿಕೊಳ್ಳುತ್ತಿದ್ದಳು.

ಹೀಗೆ ಕಾಗದಗಳು ತುಂಬಿದ ಮೇಲೆ ಒಂದು ದಿನ ಪಕ್ಕದ ಮನೆಯ ಕ್ಲೈವ್ ಪೈಬಸ್‌ಗೆ ಹೇಳಿದಳು. ಕ್ಲೈವ್‌ಗೆ ಎಪ್ಪತ್ತು, ಆಯುಷ್ಯವೆಲ್ಲ ಸೇಬಿನ ತೋಟದಲ್ಲಿ ದುಡಿದವನು.

"ರೆಡ್ ಡಿಂಗೀನ ನಾನೇ ಮಾಡ್ತೀನಿ. ಥೇಟ್ ಅದೇ ಥರ."

"ರುಚಿ ಗೊತ್ತಾಗದೋಳು ಬಿಯರ್ ಮಾಡ್ತೀಯಾ ಮಾರಾಯ್ತಿ?"

"ಮಾಡೋದು ನಾನು. ನಾಲಿಗೆ ನಿಂದು."

"ಹಂಗಾದ್ರೆ ಸರಿ. ಅದಕ್ಕೂ ಬೇರೆ ಕೆಲಸ ಏನಿಲ್ಲ."

ಶೆಡ್ಡಿನಲ್ಲಿ ದೊಡ್ಡ ಪಾತ್ರೆ ಒಲೆಯೇರಿತು. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಬಣ್ಣಕ್ಕೆಂದು ಕಪ್ಪಗೆ ಹುರಿದ ಬಾರ್ಲಿ ಒಂದು ಹಿಡಿ ಸೇರಿಸಿ, ಕಹಿಗೆಂದು ಹಾಪ್ಸ್ ಹೂ ಹಾಕಿ ಕುದಿಸಿದಳು. ಆವಿಯಲ್ಲಿ ಅವಳ ಕನ್ನಡಕ ಮಸುಕಾಯಿತು. ಆರಿದ ಮೇಲೆ ಯೀಸ್ಟ್ ಹಾಕಿ ಮುಚ್ಚಿಟ್ಟಳು. ವಾರಗಳು ಕಳೆದ ಮೇಲೆ ಕ್ಲೈವ್ ಕುಡಿದು, "ಚೆನ್ನಾಗಿದೆ," ಎಂದ. ಎರಡನೆಯ ಸಲ ಮಾಡಿದಾಗಲೂ, "ಚೆನ್ನಾಗಿದೆ."

"ಟೈರ್ ತೊಳೆದ ನೀರು ಕೊಟ್ರೂ ನೀನು ಚೆನ್ನಾಗಿದೆ ಅಂತೀಯ. ಕಣ್ಮುಚ್ಚು. ಜಾಮು ಸಿಕ್ತಾ?"

ಅವನು ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದ. "ಸಿಕ್ತು."

"ಬ್ರೆಡ್ಡು?"

"ಬ್ರೆಡ್ಡಿಲ್ಲ ಕಣೇ."

ಮೂರನೆಯ ಸಲಕ್ಕೆ ಅವಳು ಒಂದಿಷ್ಟು ಮಾಲ್ಟನ್ನು ತಟ್ಟೆಯಲ್ಲಿ ಹರಡಿ ಓವನ್ನಿಗಿಟ್ಟು, ಬಿಸ್ಕತ್ತಿನ ವಾಸನೆ ಬಂದ ಕೂಡಲೇ ಕೂಗೆಂದು ಕ್ಲೈವ್‌ನನ್ನು ಕಾವಲಿಗೆ ಕೂರಿಸಿದಳು. ಅವನು ಕೂಗುವಷ್ಟರಲ್ಲಿ ಎಲ್ಲ ಇದ್ದಿಲು.

"ಇದೇನೋ ಇದು?"

"ನಮ್ಮಮ್ಮನ ಬಿಸ್ಕತ್ತು ಹಿಂಗೇ ಇರ್ತಿತ್ತಪ್ಪ."

ಲೋರ್ನಾ ನಗುತ್ತ ನೆಲದ ಮೇಲೇ ಕೂತುಬಿಟ್ಟಳು. ಎರಡನೆಯ ತಟ್ಟೆ ಹದಕ್ಕೆ ಬಂತು. ಮುಂದಿನ ದಿನಗಳಲ್ಲಿ ಹುದುಗುವ ಪೀಪಾಯಿಯ ಮಗ್ಗುಲಲ್ಲಿ ಅವಳು ಸುಮ್ಮನೆ ಕೂರುತ್ತಿದ್ದಳು. ಬುಳಕ್, ಬುಳಕ್ ಎಂಬ ಸದ್ದು; ಅಂಗೈ ಇಟ್ಟರೆ ದನದ ಮೈಯಂಥ ಬಿಸುಪು. ತಾನು ಎಚ್ಚರವಾಗಿದ್ದೇನೋ, ಕನಸಿನ ನದಿಯ ಮೇಲಿದ್ದೇನೋ ಎಂದು ಎಷ್ಟೋ ಸಲ ಅವಳಿಗೇ ತಿಳಿಯುತ್ತಿರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಮಳೆಯಲ್ಲಿ ಉಣ್ಣೆಯ ಕೋಟು ತೋಯಿಸಿಕೊಂಡು ಕ್ಲೈವ್ ಬಂದ. ಅಂಗಡಿಯದು ಒಂದು ಗ್ಲಾಸು, ಮನೆಯದು ಒಂದು. ಬಣ್ಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವನು ಕಣ್ಣು ಮುಚ್ಚಿ ಮೂರು ಮೂರು ಸಲ ಗುಟುಕರಿಸಿ, ಕೊನೆಗೆ ಅವಳು ಮಾಡಿದ್ದನ್ನೇ ತೋರಿಸಿ, "ಇದು ಅಂಗಡೀದು," ಎಂದ. ನಿಜ ತಿಳಿದಾಗ ತಲೆಯಾಡಿಸಿದ. "ನಂಗೆ ಎರಡೂ ಒಂದೇ, ಲೋರ್ನಾ. ಮುಲಾಜಿಗೆ ಹೇಳ್ತಿಲ್ಲ."

ಅವಳೂ ಎರಡನ್ನೂ ಕುಡಿದು ನೋಡಿದಳು. ತಣ್ಣನೆಯ ಕಹಿ ನೀರು. ಮತ್ತೊಂದೂ ತಣ್ಣನೆಯ ಕಹಿ ನೀರು.

"ನಂಗೂ ಎರಡೂ ಒಂದೇ ಕಣೋ," ಎಂದಳು. ದನಿ ಒಡೆಯಿತು.

ಕ್ಲೈವ್ ಹತ್ತಿರ ಬಂದು ಅವಳ ಭುಜದ ಮೇಲೆ ಕೈಯಿಟ್ಟ. ಹಾಗೆ ನಿಂತಿದ್ದಾಗ ಎಲ್ಲಿಂದಲೋ ಏನೋ ಒಂದು ಅವಳನ್ನು ಮುಟ್ಟಿತು: ಹುಳಿತದ್ದು, ಜಿಡ್ಡಿನದು, ದೊಡ್ಡಿಯಲ್ಲಿ ನೆನೆದ ಕುರಿಯಂಥದು. ಕನಸೇ ಇರಬೇಕೆಂದು ಅವಳು ಕಾಲಕೆಳಗೆ ನೋಡಿದಳು. ಸಿಮೆಂಟು ನೆಲ ಅಲುಗಲಿಲ್ಲ.

"ಕ್ಲೈವ್, ನಿನ್ನ ಕೋಟು ನಾರ್ತಿದೆ."

ಅವನು ನಾಚಿ ಹಿಂದೆ ಸರಿದ. ಸರಿದವನು ತಟ್ಟನೆ ನಿಂತ. "ಏನಂದೆ?"

"ಒದ್ದೆ ಕುರಿ ನಾತ."

ಅವನು ಕೋಟು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳು ಅದರಲ್ಲಿ ಮುಖ ಹುದುಗಿಸಿದಳು. ವಾಸನೆ ಬಂತು, ಹೋಯಿತು, ಮತ್ತೆ ಬಂತು.

ಬಿಯರಿನ ಪರಿಮಳ ಅಂದು ಬರಲಿಲ್ಲ. ಮುಂದಿನ ವಾರಗಳಲ್ಲಿ ಡೀಸೆಲ್ಲು, ಮಕ್ಕಳ ಕಾಲುಚೀಲ, ಈರುಳ್ಳಿ ಹೀಗೆ ಕ್ರಮವಿಲ್ಲದೆ ಒಂದೊಂದೇ ಮರಳಿದವು. ವಸಂತ ಮುಗಿಯುತ್ತಿದ್ದ ನವೆಂಬರಿನ ಒಂದು ಶುಕ್ರವಾರ ಅವಳು ಕ್ಲೈವ್‌ನನ್ನು ಕರೆದು ಮತ್ತೆ ಎರಡು ಗ್ಲಾಸು ತುಂಬಿದಳು. ಅಂಗಡಿಯದನ್ನು ಕುಡಿದಳು, ತನ್ನದನ್ನು ಕುಡಿದಳು.

"ಎರಡೂ ಒಂದೇ ಅಂದ್ಯಲ್ಲೋ. ಎಲ್ಲಿ ಒಂದೇ? ನಂದು ಒಂಚೂರು ಒರಟು."

"ಯಾವುದು ಚೆನ್ನಾಗಿದೆ?" ಎಂದ ಕ್ಲೈವ್.

ಬೇಲಿಯಾಚೆ ಸೇಬಿನ ಹೂಗಳು ಉದುರುತ್ತಿದ್ದವು. ಲೋರ್ನಾ ತಾನು ಮಾಡಿದ ಏಲಿನ ಗ್ಲಾಸನ್ನು ಅವನತ್ತ ಸರಿಸಿ, "ಇನ್ನೊಂದಿಷ್ಟು ಸುರಿ," ಎಂದಳು.